ಕಾಡಿನ ಬಾಗಿಲಿನಿಂದಲೇ ಹಿಂದಿರುಗಿದ ಮಕ್ಕಳ ಪರವಾಗಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅರಣ್ಯ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ರಾಷ್ಟ್ರೀಯ ಉದ್ಯಾನಗಳ ಪ್ರವಾಸಿ ಮಾಹಿತಿ ಕೇಂದ್ರಗಳ ಸ್ಥಿತಿ ಹಾಗೂ ಶಾಲಾ ಪ್ರವಾಸಗಳಿಗೆ ಮುಂಗಡ ವ್ಯವಸ್ಥೆ ಕೋರಿ.

ಮಾನ್ಯರೇ,

ನಾನು ಚಿತ್ರದುರ್ಗ ತಾಲ್ಲೂಕಿನ ಹಳ್ಳಿಯೊಂದರ ಅನುದಾನಿತ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ನಮ್ಮ ಶಾಲೆಯ ಮಕ್ಕಳ ಪೈಕಿ ಹೆಚ್ಚಿನವರು ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಮನೆಗಳವರು. ಕುರಿ ಸಾಕುವ ಮನೆಗಳವರೂ ಇದ್ದಾರೆ. ಇತ್ತೀಚಿನ ಒಂದು ಡಿಸೆಂಬರ್‌ನಲ್ಲಿ ಈ ಮಕ್ಕಳು ನಮ್ಮ ರಾಜ್ಯದ ರಾಷ್ಟ್ರೀಯ ಉದ್ಯಾನವೊಂದರ ಬಾಗಿಲಿನವರೆಗೆ ಹೋಗಿ, ಒಳಗೆ ಕಾಲಿಡದೆ ಹಿಂದಿರುಗಿದರು. ಆ ಉದ್ಯಾನದ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅಲ್ಲಿ ಬೆಳಗಿನ ಚಳಿಯಲ್ಲಿ ಬಾಗಿಲು ಕಾಯುತ್ತಿದ್ದ ಸಿಬ್ಬಂದಿಯ ಮೇಲೆ ಕ್ರಮ ಜರುಗಬೇಕೆಂಬುದು ನನ್ನ ಬೇಡಿಕೆಯಲ್ಲ. ಅವರ ಕೈಗೆ ಕೊಟ್ಟಿರುವ ವ್ಯವಸ್ಥೆಯೇ ಹಾಗಿದೆ. ಅದನ್ನು ಸರಿಪಡಿಸುವ ಅಧಿಕಾರ ತಮಗಿದೆ ಎಂದು ತಮಗೆ ಬರೆಯುತ್ತಿದ್ದೇನೆ. ಇದೇ ಅನುಭವ ಪಡೆದು ಸುಮ್ಮನಾದ ಶಾಲೆಗಳು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಇನ್ನೂ ಇವೆ ಎಂಬುದು ಸಹೋದ್ಯೋಗಿಗಳ ಮಾತಿನಿಂದ ತಿಳಿದಿದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಪ್ರವಾಸದ ಸಿದ್ಧತೆ ನಮ್ಮಂಥ ಶಾಲೆಯಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ತಮ್ಮ ಗಮನಕ್ಕೆ ತರಬೇಕು. ಪೋಷಕರ ಸಭೆ ಕರೆದು ಒಪ್ಪಿಗೆ ಪಡೆಯುತ್ತೇವೆ. ಪ್ರತಿ ಮಗುವಿನ ತಂದೆ ಅಥವಾ ತಾಯಿಯ ಸಹಿ ಇರುವ ಪತ್ರ ಬೇಕು. ಸಾರಿಗೆ ಸಂಸ್ಥೆಯ ಬಸ್ಸನ್ನು ಒಪ್ಪಂದದ ಮೇಲೆ ಗೊತ್ತುಮಾಡಿ ಮುಂಗಡ ಕಟ್ಟಬೇಕು. ಹೋಗುವ ಸ್ಥಳ, ದಾರಿ, ತಂಗುವ ಜಾಗ, ಹೊರಡುವ ಹೊತ್ತು, ಮರಳುವ ಹೊತ್ತು ಎಲ್ಲವನ್ನೂ ಬರೆದು ಶಿಕ್ಷಣ ಇಲಾಖೆಯ ಅನುಮತಿಗೆ ಕಳುಹಿಸಬೇಕು. ಅನುಮತಿ ಬಂದ ಮೇಲೆ ದಿನಾಂಕವನ್ನು ಆಚೀಚೆ ಮಾಡುವಂತಿಲ್ಲ. ಈ ನಿಯಮಗಳ ಬಗ್ಗೆ ನನಗೆ ತಕರಾರಿಲ್ಲ. ಮಕ್ಕಳ ಜೀವದ ಹೊಣೆ ಹೊತ್ತವರು ಇಷ್ಟು ಕಟ್ಟುನಿಟ್ಟಾಗಿಯೇ ಇರಬೇಕು. ದುಡ್ಡಿನ ವಿಷಯ ಇನ್ನೂ ಸೂಕ್ಷ್ಮ. ಈರುಳ್ಳಿ ಮಾರಿದ ವಾರ ಒಂದಿಷ್ಟು, ಶೇಂಗಾ ಮಾರಿದ ಮೇಲೆ ಉಳಿದದ್ದು ಎಂದು ಪೋಷಕರು ಕಂತಿನಲ್ಲಿ ಕಟ್ಟುತ್ತಾರೆ. ಕಟ್ಟಲಾಗದ ಮಕ್ಕಳ ಪಾಲನ್ನು ಊರಿನ ಕೆಲವರು ಮತ್ತು ಶಿಕ್ಷಕರು ಸೇರಿ ತುಂಬುತ್ತಾರೆ. ಹೀಗೆ ತಿಂಗಳುಗಟ್ಟಲೆ ಮೊದಲೇ ಎಲ್ಲವೂ ಗೊತ್ತಾಗಿರಬೇಕಾದ ಪ್ರವಾಸ ಇದು. ನಾವು ನೋಡಹೊರಟ ಉದ್ಯಾನ ಮಾತ್ರ ಮೊದಲೇ ಏನನ್ನೂ ಹೇಳುವುದಿಲ್ಲ.

ಹೊರಡುವ ಮುನ್ನ ನಾವು ಕೇಳದೆ ಇರಲಿಲ್ಲ. ಉದ್ಯಾನದ ಕಚೇರಿಗೆ ಶಾಲೆಯ ಮುದ್ರೆ ಹಾಕಿ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿದೆವು, ಉತ್ತರ ಬರಲಿಲ್ಲ. ಸಫಾರಿಯ ಆಸನಗಳನ್ನು ಆನ್‌ಲೈನ್‌ನಲ್ಲಿ ಕಾದಿರಿಸುವ ಪುಟ ತೆರೆದು ನೋಡಿದೆವು. ಅಲ್ಲಿ ಒಂದೊಂದೇ ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ತುಂಬಿ, ಕೂಡಲೇ ಹಣ ಪಾವತಿಸಬೇಕು. ಶಾಲೆಯೊಂದು ಗುಂಪಾಗಿ ಬರುತ್ತದೆ ಎಂದು ಹೇಳಲು ಅಲ್ಲಿ ಜಾಗವೇ ಇರಲಿಲ್ಲ. ನಾವು ಹೆಸರು ತುಂಬುತ್ತಿರುವಂತೆಯೇ ಆಸನಗಳು ಮುಗಿದುಹೋಗುತ್ತಿದ್ದವು. ದೂರವಾಣಿ ಸಂಖ್ಯೆಗೆ ಮತ್ತೆಮತ್ತೆ ಕರೆ ಮಾಡಿದ ಮೇಲೆ ಒಮ್ಮೆ ಯಾರೋ ಎತ್ತಿಕೊಂಡರು. “ಶಾಲೆಯ ಮಕ್ಕಳಾದರೆ ಬನ್ನಿ, ಬಂದ ಮೇಲೆ ನೋಡೋಣ” ಎಂದರು. ಸರ್ಕಾರಿ ಕಚೇರಿಯ ಸಂಖ್ಯೆಯಿಂದ ಬಂದ ಆ ಮಾತನ್ನು ನಂಬಿ ಹೊರಟೆವು.

ಇಡೀ ಒಂದು ಹಗಲು ಬಸ್ಸಿನಲ್ಲಿ ಕೂತು, ದಾರಿಯ ಊರಲ್ಲಿ ತಂಗಿ, ಮರುದಿನ ಬೆಳಕು ಹರಿಯುವ ಮೊದಲೇ ಉದ್ಯಾನದ ಮಾಹಿತಿ ಕೇಂದ್ರದ ಮುಂದೆ ಇಳಿದೆವು. ಬೆಳಗಿನ ಸಫಾರಿಯ ಆಸನಗಳು ತುಂಬಿವೆ ಎಂದರು. ಸಂಜೆಯದು? ಅದೂ ತುಂಬಿದೆ. ಶಾಲೆಗಳಿಗೆ ಬೇರೆ ಅವಕಾಶ ಇದೆಯೇ ಎಂದು ಕೇಳಿದಾಗ, ಮೇಲಧಿಕಾರಿಗಳಿಂದ ಪತ್ರ ತಂದಿದ್ದರೆ ನೋಡಬಹುದಿತ್ತು ಎಂಬ ಉತ್ತರ ಬಂತು. ಆ ಮೇಲಧಿಕಾರಿಗಳು ಯಾರು, ಅವರ ಕಚೇರಿ ಎಲ್ಲಿ, ಎಷ್ಟು ದಿನ ಮೊದಲು ಕೇಳಬೇಕು ಎಂಬುದು ಆ ಕೇಂದ್ರದ ಯಾವ ಫಲಕದಲ್ಲೂ ಇರಲಿಲ್ಲ. ಸಫಾರಿ ಸಿಗದಿದ್ದರೆ ಚಿತ್ರ, ಮಾದರಿಗಳ ಪ್ರದರ್ಶನ ಕೊಠಡಿಯನ್ನಾದರೂ ತೋರಿಸೋಣವೆಂದರೆ ಅದಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡವರು ಅಂದು ರಜೆಯಲ್ಲಿದ್ದರು. ಕಿಟಕಿಯ ಗಾಜಿನ ಆಚೆ ಆನೆಯ ತಲೆಬುರುಡೆಯೊಂದು ಕಾಣುತ್ತಿತ್ತು, ಮಕ್ಕಳು ಗಾಜಿಗೆ ಮುಖ ಒತ್ತಿ ಅದನ್ನೇ ನೋಡಿದರು. ಹೆಣ್ಣುಮಕ್ಕಳ ಶೌಚಾಲಯದ ನಲ್ಲಿಯಲ್ಲಿ ನೀರಿರಲಿಲ್ಲ. ಇದನ್ನು ಬರೆಯಲು ನನಗೆ ಮುಜುಗರವಿಲ್ಲ. ಹದಿಮೂರು, ಹದಿನಾಲ್ಕರ ಹುಡುಗಿಯರನ್ನು ಕರೆದುಕೊಂಡು ಹೋದ ಶಿಕ್ಷಕಿಗೆ ಹುಲಿ ಕಾಣುವುದಕ್ಕಿಂತ ದೊಡ್ಡ ಚಿಂತೆ ಅದು.

ಅಂದು ನಮ್ಮ ಪ್ರವಾಸದ ಮಾನ ಉಳಿಸಿದವರು ಒಬ್ಬ ಅರಣ್ಯ ವೀಕ್ಷಕರು. ಕಾಡಂಚಿನ ಊರಿನವರಂತೆ, ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ಮಕ್ಕಳ ಮುಖ ನೋಡಿ ನಿಂತರು. ಬಸ್ಸು ನಿಲ್ಲುವ ಜಾಗದ ಮಣ್ಣಿನಲ್ಲಿ ಕಡ್ಡಿಯಿಂದ ಹುಲಿಯ ಹೆಜ್ಜೆ ಬರೆದರು, ಪಕ್ಕದಲ್ಲಿ ನಾಯಿಯದನ್ನು ಬರೆದರು. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಬೀಳುತ್ತದೆ, ಹುಲಿ ನಡೆಯುವಾಗ ಉಗುರುಗಳನ್ನು ಒಳಕ್ಕೆ ಎಳೆದುಕೊಂಡಿರುವುದರಿಂದ ಬೆರಳುಗಳಷ್ಟೇ ಮೂಡುತ್ತವೆ ಎಂದು ತೋರಿಸಿದರು. ಮರದ ಮೇಲಿನ ಮುಸುವಗಳಿಗೂ ಕೆಳಗಿನ ಚುಕ್ಕೆ ಜಿಂಕೆಗಳಿಗೂ ಇರುವ ನಂಟನ್ನು ವಿವರಿಸಿದರು: ಮುಸುವ ತಿಂದು ಬೀಳಿಸಿದ ಚಿಗುರು, ಕಾಯಿಗಳನ್ನು ಜಿಂಕೆ ಆರಿಸಿಕೊಳ್ಳುತ್ತದೆ. ಚಿರತೆಯೋ ಹುಲಿಯೋ ಸುಳಿದರೆ ಮೇಲೆ ಕುಳಿತ ಮುಸುವ ಮೊದಲು ಕಂಡು ಕೂಗುತ್ತದೆ, ಆ ಕೂಗಿನ ಅರ್ಥ ಜಿಂಕೆಗೆ ಗೊತ್ತು. ನಮ್ಮ ಕುರಿಗಾಹಿ ಮನೆಯ ಹುಡುಗನೊಬ್ಬ, ತರಗತಿಯಲ್ಲಿ ಬಾಯಿ ತೆರೆಯದವನು, “ನಮ್ಮ ರೊಪ್ಪದ ಹತ್ತಿರ ಬರುವ ತೋಳದ ಹೆಜ್ಜೆಯಲ್ಲಿ ಉಗುರು ಇರುತ್ತದಲ್ಲವೇ?” ಎಂದು ಕೇಳಿದ. “ಇರುತ್ತದೆ ಮಗನೇ, ಅದು ನಾಯಿಯ ಜಾತಿ” ಎಂದು ಆ ವೀಕ್ಷಕರು ಹೇಳಿದಾಗ ಆ ಹುಡುಗನ ಮುಖದಲ್ಲಿ ಕಂಡ ಹಿಗ್ಗನ್ನು ನಾನು ಪಾಠ ಹೇಳಿ ತರಿಸಲು ಆಗಿರಲಿಲ್ಲ.

ಮಾನ್ಯರೇ, ಮಾಹಿತಿ ಕೇಂದ್ರ ಎಂದರೆ ಅದು. ಕಟ್ಟಡ, ಗಾಜಿನ ಪೆಟ್ಟಿಗೆ, ಬೆಳಕಿನ ಫಲಕ ಎಲ್ಲವೂ ಆಮೇಲೆ. ನಮ್ಮ ಕೋಟೆಗೆ ಬಂದವರಿಗೆ ಓಬವ್ವನ ಕಿಂಡಿಯ ಮುಂದೆ ಕತೆ ಹೇಳುವವರಿಲ್ಲದಿದ್ದರೆ ಅದು ಎರಡು ಬಂಡೆಗಳ ನಡುವಿನ ಒಂದು ಸಂದು ಮಾತ್ರ. ಹೇಳುವವರಿದ್ದಾಗ ಪುಟ್ಟ ಮಕ್ಕಳೂ ಅಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಕಾಡಿಗೂ ಅಂಥ ಹೇಳುವವರು ಬೇಕು. ಅಂಥವರು ತಮ್ಮ ಇಲಾಖೆಯಲ್ಲಿ ಈಗಾಗಲೇ ಇದ್ದಾರೆ. ಆದರೆ ಪ್ರವಾಸಿಗಳೊಡನೆ ಮಾತನಾಡುವುದು ಅವರ ಕೆಲಸವೆಂದು ಯಾರೂ ಗೊತ್ತುಮಾಡಿಲ್ಲ, ಆ ಹೊತ್ತಿಗೆ ಸಂಬಳವನ್ನೂ ಇಟ್ಟಿಲ್ಲ. ಆ ವೀಕ್ಷಕರು ತಮ್ಮ ನಿದ್ದೆ ಬಿಟ್ಟು ನಮ್ಮ ಮಕ್ಕಳಿಗೆ ಕೊಟ್ಟ ಹೊತ್ತು ಅವರ ದೊಡ್ಡತನದಿಂದ ಸಿಕ್ಕಿದ್ದು. ಒಬ್ಬರ ದೊಡ್ಡತನವನ್ನು ನಂಬಿಕೊಂಡು ಇಲಾಖೆ ನಡೆಯಬಾರದು.

ಕಾಡಿಗೆ ಹೆಚ್ಚು ಜನರನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಹುಲಿ ಕಾಡುಗಳಲ್ಲಿನ ಪ್ರವಾಸೋದ್ಯಮದ ಬಗ್ಗೆ ಸುಪ್ರೀಂ ಕೋರ್ಟ್‌ನಲ್ಲಿ ವಿಚಾರಣೆ ನಡೆದ 2012ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ, ಹುಲಿ ಮೀಸಲು ಪ್ರದೇಶದ ಒಳಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸೋದ್ಯಮಕ್ಕೆ ಬಳಸಬಾರದು ಎಂದಿತು. ಅದು ಸರಿ. ಫೆಬ್ರುವರಿ 2019ರಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡು ಸಂಕಟಪಟ್ಟಿದ್ದೇವೆ. ಜನವರಿ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಜನ ಸಾಲುಗಟ್ಟಿ ನಿಂತದ್ದನ್ನೂ, ಆ ಬಳಿಕ ಚಾರಣಕ್ಕೆ ಮುಂಗಡ ನೋಂದಣಿ ಕಡ್ಡಾಯವಾದದ್ದನ್ನೂ ಬಲ್ಲೆವು. ನವೆಂಬರ್ 2025ರಲ್ಲಿ ಹುಲಿ ದಾಳಿಗೆ ಕಾಡಂಚಿನ ರೈತರು ಬಲಿಯಾದಾಗ ಸರ್ಕಾರ ಬಂಡೀಪುರ ಮತ್ತು ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತು. ಸತ್ತವರ ಮನೆಯ ದುಃಖದ ಮುಂದೆ ನಮ್ಮ ಪ್ರವಾಸ ಯಾವ ಲೆಕ್ಕ? ಆದರೆ ಹೀಗೆ ಕಾಡು ಯಾವಾಗ ಬೇಕಾದರೂ ಮುಚ್ಚಬಹುದು, ಆಸನಗಳು ಎಂದಿಗೂ ಕಡಿಮೆಯೇ ಇರುತ್ತವೆ ಎಂಬ ಕಾರಣಕ್ಕೇ ಮೊದಲೇ ತಿಳಿಸುವ ವ್ಯವಸ್ಥೆ ಬೇಕು. ಇರುವುದು ಕಡಿಮೆಯಾದಾಗ ಅದನ್ನು ಹಂಚುವ ರೀತಿ ನ್ಯಾಯವಾಗಿರಬೇಕು. ಈಗ ಅದು ವೇಗದ ಇಂಟರ್‌ನೆಟ್, ಬ್ಯಾಂಕ್ ಕಾರ್ಡು ಮತ್ತು ಇಷ್ಟಬಂದ ದಿನ ಹೊರಡುವ ಅನುಕೂಲ ಇರುವವರ ಪಾಲಾಗುತ್ತಿದೆ.

ಕೇಳಿ ತಿಳಿಯಲು ಯಾರೂ ಇಲ್ಲದವರಿಗೆ ನಮ್ಮ ರಾಜ್ಯದ ಐದು ರಾಷ್ಟ್ರೀಯ ಉದ್ಯಾನಗಳು ಎಷ್ಟು ಗೊಂದಲ ಹುಟ್ಟಿಸುತ್ತವೆ ಎಂಬುದನ್ನು ಬೆಂಗಳೂರಿನಲ್ಲಿ ಕುಳಿತು ಊಹಿಸುವುದು ಕಷ್ಟ. ನಾಗರಹೊಳೆಗೆ ಹೋಗುತ್ತೇವೆ ಎಂದರೆ ಸಾಲದು. ಹುಣಸೂರು ಕಡೆಯ ವೀರನಹೊಸಹಳ್ಳಿಯೇ, ಕುಟ್ಟದ ಕಡೆಯ ನಾಣಚ್ಚಿಯೇ, ಕಬಿನಿ ಹಿನ್ನೀರಿನ ದಮ್ಮನಕಟ್ಟೆಯೇ ಎಂದು ಗೊತ್ತಿರಬೇಕು. ತಪ್ಪು ಬಾಗಿಲಿಗೆ ಹೋದ ಬಸ್ಸು ಸರಿಯಾದ ಬಾಗಿಲು ಮುಟ್ಟುವಷ್ಟರಲ್ಲಿ ಸಫಾರಿ ಹೊರಟಿರುತ್ತದೆ. ಬನ್ನೇರುಘಟ್ಟದ ಜೈವಿಕ ಉದ್ಯಾನಕ್ಕೆ ಮಂಗಳವಾರ ರಜೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷಿದ್ಧ. ಕುದುರೆಮುಖದಲ್ಲಿ ಸಫಾರಿ ಇಲ್ಲ, ಅನುಮತಿ ಪಡೆದು ನಡೆಯಬೇಕು. ಅಣಶಿ ಎಂದು ಪಠ್ಯಪುಸ್ತಕದಲ್ಲಿ ಓದಿದ ಉದ್ಯಾನ ಈಗ ಕಾಳಿ ಹುಲಿ ಮೀಸಲು ಪ್ರದೇಶದ ಭಾಗ. ಇವೆಲ್ಲ ಗುಟ್ಟಿನ ಸಂಗತಿಗಳಲ್ಲ. ಆದರೂ ಒಬ್ಬ ಶಿಕ್ಷಕಿ ಇವನ್ನು ತುಣುಕು ತುಣುಕಾಗಿ, ಹೋಗಿಬಂದವರನ್ನು ಕೇಳಿ ಕೂಡಿಸಬೇಕಾಗಿದೆ. ಕನ್ನಡದಲ್ಲಿ, ಒಂದೇ ಕಡೆ, ಮುದ್ರಿಸಿ ಶಾಲೆಗಳಿಗೆ ಕಳುಹಿಸಲು ಎಷ್ಟು ಖರ್ಚಾದೀತು?

ಬಯಲುಸೀಮೆಯ ಮಕ್ಕಳಿಗೆ ಮಲೆನಾಡಿನ ಕಾಡು ಏಕೆ ಎಂದು ಕೇಳಿದವರೂ ಇದ್ದಾರೆ. ಅವರಿಗೆ ನಾನು ನೀರಿನ ಲೆಕ್ಕ ಹೇಳುತ್ತೇನೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿ ಹುಟ್ಟಿದ ಭದ್ರೆ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಬಲದಂಡೆ ನಾಲೆಯಲ್ಲಿ ಹರಿದು ದಾವಣಗೆರೆಯ ಭತ್ತದ ಗದ್ದೆಗಳನ್ನು ತುಂಬುತ್ತಾಳೆ. ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವನ್ನು ಅಜ್ಜಂಪುರದ ಬಳಿ ದಾಟಿ ವೇದಾವತಿಗೂ, ಅಲ್ಲಿಂದ ವಾಣಿವಿಲಾಸ ಸಾಗರಕ್ಕೂ ಆ ನೀರು ಬರುತ್ತಿದೆ. ಮಾರಿಕಣಿವೆ ಎಂದೂ ಕರೆಯುವ ಆ ಜಲಾಶಯ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ನೋಡಲು ಜಿಲ್ಲೆಯೇ ಹೋಗಿತ್ತು. ಆ ವರ್ಷದ ಭಾರಿ ಮಳೆಯ ಜೊತೆಗೆ ಭದ್ರೆಯ ನೀರಿನ ಪಾಲೂ ಅದರಲ್ಲಿತ್ತು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಲ್ಲಿಸಲಾಯಿತು. ಗಣಿ ಲಾರಿಗಳ ಕೆಂಪು ಧೂಳನ್ನು ಊರ ರಸ್ತೆಯಲ್ಲಿ ನುಂಗುತ್ತ ಬೆಳೆದ ನಮ್ಮ ಮಕ್ಕಳಿಗೆ ಆ ಕತೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗುತ್ತದೆ. ಕಾಡು ಉಳಿದರೆ ತಮ್ಮ ಮನೆಯ ನಲ್ಲಿಗೆ ಏನಾಗುತ್ತದೆ ಎಂದು ತಿಳಿದ ಮಗು ನಾಳೆ ಆ ಕಾಡಿನ ಪರವಾಗಿ ಮಾತನಾಡುತ್ತದೆ. ನಾನು ನೋಡಿದ ಮಾಹಿತಿ ಕೇಂದ್ರದ ಫಲಕಗಳಲ್ಲಿ ಹುಲಿಯ ಭಾವಚಿತ್ರಗಳಿದ್ದವು, ನದಿಗಳ ಒಂದು ನಕ್ಷೆಯೂ ಇರಲಿಲ್ಲ.

ಇನ್ನು ನನ್ನ ಕೋರಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು ಶಾಲೆಗಳಿಗೆ ಮೀಸಲಾದ ಆಸನಗಳು ಮತ್ತು ಅವುಗಳ ವೇಳಾಪಟ್ಟಿ. ಸಫಾರಿ ಇರುವ ಪ್ರತಿ ಉದ್ಯಾನದಲ್ಲಿ ವಾರದ ಕೆಲವು ದಿನ, ರಜಾ ದಿನಗಳಲ್ಲದ ದಿನಗಳಾದರೂ ಸರಿ, ಒಂದು ವಾಹನವನ್ನು ಶಾಲೆಗಳಿಗೆ ಇಡಬೇಕು. ಯಾವ ದಿನ ಎಷ್ಟು ಮಕ್ಕಳಿಗೆ ಅವಕಾಶ ಎಂಬುದನ್ನು ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಶಿಕ್ಷಣ ಇಲಾಖೆಯ ಮೂಲಕ ಪ್ರಕಟಿಸಬೇಕು. ಮುಖ್ಯೋಪಾಧ್ಯಾಯರ ಒಂದು ಪತ್ರ ಮತ್ತು ಮಕ್ಕಳ ಪಟ್ಟಿಯ ಮೇಲೆ ಆಸನ ಗೊತ್ತಾಗಬೇಕು, ಹಣ ಕಟ್ಟಲು ಚಲನ್ ಅಥವಾ ಡಿ.ಡಿ.ಯ ದಾರಿಯೂ ಇರಬೇಕು. ಆಸನ ಸಿಕ್ಕದ ಶಾಲೆಗೆ ಸಿಕ್ಕಿಲ್ಲವೆಂದು ಬರೆದು ತಿಳಿಸಿದರೆ ಸಾಕು, ನಾವು ಬೇರೆಡೆಗೆ ಹೋಗುತ್ತೇವೆ. ಮಕ್ಕಳನ್ನು ಬಾಗಿಲವರೆಗೆ ಕರೆಸಿ ಇಲ್ಲ ಎನ್ನುವುದು ಮಾತ್ರ ಬೇಡ. ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಇಲಾಖೆಯದೇ ಚಿಣ್ಣರ ವನದರ್ಶನ ಕಾರ್ಯಕ್ರಮವಿದೆ, ಅದು ಒಳ್ಳೆಯ ಕೆಲಸ. ಅದರ ಹೊರಗೆ, ತಾವೇ ದುಡ್ಡು ಕೂಡಿಸಿಕೊಂಡು ಬರುವ ಶಾಲೆಗಳಿಗೂ ಇಂಥ ದಾರಿ ತೆರೆಯಬೇಕೆಂಬುದು ನನ್ನ ಬೇಡಿಕೆ.

ಮಾಹಿತಿ ಕೇಂದ್ರಗಳ ಪ್ರದರ್ಶನ ಕೊಠಡಿಗಳು ಸಫಾರಿಯ ಹೊತ್ತಿನುದ್ದಕ್ಕೂ ತೆರೆದಿರಲಿ. ಒಬ್ಬರು ರಜೆ ಹಾಕಿದರೆ ಬೀಗದ ಕೈ ಇನ್ನೊಬ್ಬರ ಬಳಿ ಇರಲಿ. ಸಫಾರಿ ಸಿಗದವರೂ ಒಂದು ಗಂಟೆ ಕುಳಿತು ಕಲಿಯುವಂತೆ ಅಲ್ಲಿ ಕನ್ನಡದ ವಿವರಣೆಗಳಿರಲಿ, ಹೆಜ್ಜೆ ಗುರುತಿನ ಅಚ್ಚುಗಳಿರಲಿ, ನದಿಗಳ ನಕ್ಷೆ ಇರಲಿ. ಕಾಡಂಚಿನ ಊರುಗಳ ವೀಕ್ಷಕರಿಗೆ ತರಬೇತಿ ಮತ್ತು ತಕ್ಕ ಭತ್ಯೆ ಕೊಟ್ಟು ಮಕ್ಕಳೊಡನೆ ಮಾತನಾಡಲು ನೇಮಿಸಿ. ಶೌಚಾಲಯದಲ್ಲಿ ನೀರು ಬರಲಿ. ದೂರವಾಣಿಯನ್ನು ಎತ್ತಿಕೊಳ್ಳುವವರೊಬ್ಬರು ಇರಲಿ.

ಕೊನೆಯದಾಗಿ ನಮ್ಮದೇ ಜಿಲ್ಲೆಗಳ ಮಾತು. ದೂರದ ಉದ್ಯಾನಕ್ಕೆ ಹೋಗುವ ಮುನ್ನ ಮಕ್ಕಳು ಸಿದ್ಧರಾಗಲು ಇಲ್ಲೇ ಕಾಡುಗಳಿವೆ. ಚಿತ್ರದುರ್ಗ ಪಟ್ಟಣದ ಬೆನ್ನಿಗೇ ಜೋಗಿಮಟ್ಟಿ ವನ್ಯಧಾಮವಿದೆ, ಸುಮಾರು 10 ಸಾವಿರ ಹೆಕ್ಟೇರ್‌ಗಳಷ್ಟು ಕುರುಚಲು ಕಾಡು, ಹುಲ್ಲುಗಾವಲು, ಗಾಳಿ ಬೀಸುವ ಬೆಟ್ಟ. ಅದರ ಮಗ್ಗುಲಲ್ಲೇ ಆಡುಮಲ್ಲೇಶ್ವರದ ಕಿರು ಮೃಗಾಲಯವಿದೆ. ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗವನ್ನು 2011ರಲ್ಲಿ ಕೊಂಡುಕುರಿ ಎಂಬ ಪುಟ್ಟ ಹುಲ್ಲೆಗಾಗಿಯೇ ವನ್ಯಧಾಮವೆಂದು ಘೋಷಿಸಲಾಯಿತು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬುಗಳಿರುವುದು ಇದೊಂದಕ್ಕೇ, ಅದೂ ಗಂಡಿಗೆ ಮಾತ್ರ: ಕಿವಿಗಳ ನಡುವೆ ಎರಡು, ಹಣೆಯ ಮುಂಭಾಗದಲ್ಲಿ ಎರಡು ಚಿಕ್ಕವು. ಹುಲಿ, ಆನೆಗಳ ಚಿತ್ರವನ್ನು ಕಣ್ಣುಮುಚ್ಚಿ ಬರೆಯಬಲ್ಲ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಪಕ್ಕದ ಜಿಲ್ಲೆಯ ಈ ಪ್ರಾಣಿಯ ಹೆಸರನ್ನೇ ಕೇಳಿರಲಿಲ್ಲ. ಜೋಗಿಮಟ್ಟಿ ಮತ್ತು ರಂಗಯ್ಯನದುರ್ಗಗಳಲ್ಲಿ ಶಾಲೆಗಳಿಗಾಗಿ ಒಂದು ದಿನದ ಮಾರ್ಗದರ್ಶಿತ ನಡಿಗೆಯನ್ನು ಇಲಾಖೆಯೇ ನಡೆಸಿದರೆ ಬಸ್ಸಿನ ಖರ್ಚು ಕಡಿಮೆ, ರಾತ್ರಿ ತಂಗುವ ಚಿಂತೆ ಇಲ್ಲ. ಹುಲಿ ಮೀಸಲು ಪ್ರದೇಶವನ್ನೇ ತೋರಿಸಬೇಕೆಂದರೂ ಭದ್ರಾ ನಮಗೆ ಹತ್ತಿರದ್ದು. ಲಕ್ಕವಳ್ಳಿ ಮತ್ತು ಮುತ್ತೋಡಿಯ ಕಡೆಯಿಂದ ಈ ಎರಡು ಜಿಲ್ಲೆಗಳ ಶಾಲೆಗಳಿಗೆ ನಿಗದಿತ ದಿನಗಳನ್ನು ಗೊತ್ತುಮಾಡಿದರೆ, ತಮ್ಮ ಹೊಲಕ್ಕೆ ನೀರು ಕೊಡುವ ನದಿಯ ಕಾಡನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಈ ಪತ್ರದ ಪ್ರತಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಎರಡೂ ಜಿಲ್ಲೆಗಳ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೂ ಕಳುಹಿಸುತ್ತಿದ್ದೇನೆ. ಮುಂದಿನ ಶೈಕ್ಷಣಿಕ ವರ್ಷದ ಪ್ರವಾಸದ ಅರ್ಜಿಯನ್ನು ನಾವು ಜುಲೈನಲ್ಲಿ ತುಂಬಲಿದ್ದೇವೆ. ಸ್ಥಳ ಎಂಬ ಕಾಲಂನಲ್ಲಿ ಏನು ಬರೆಯಬೇಕೆಂದು ಅಷ್ಟರೊಳಗೆ ತಮ್ಮ ಇಲಾಖೆಯಿಂದ ಲಿಖಿತ ಉತ್ತರ ಬರಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ, ಅನುದಾನಿತ ಪ್ರೌಢಶಾಲೆ,
ಚಿತ್ರದುರ್ಗ ತಾಲ್ಲೂಕು